ಗಂಗವ್ವನವರು ಮೈಕಿನ ಮುಂದೆ ನಿಂತ ಮಂಗಳವಾರ

೨೦೨೨ರ ಅಕ್ಟೋಬರ್ ೧೧, ಮಂಗಳವಾರ. ಆಧಾರ: ನಮ್ಮ ಶಾಲಾ ಮಂಡಳಿಯ ಅಂದಿನ ಸಭೆಯ ನಡಾವಳಿ, ಮುಂದಿನ ಸಭೆಯಲ್ಲಿ ತಿದ್ದುಪಡಿಯಿಲ್ಲದೆ ಅಂಗೀಕಾರವಾದ ಪ್ರತಿ. ವಾರ ಸರಿಯೇ ಎಂಬುದನ್ನು ಆ ವರ್ಷದ ಗೋಡೆ ಕ್ಯಾಲೆಂಡರಿನಲ್ಲಿಯೂ ನೋಡಿಕೊಂಡಿದ್ದೇನೆ.

ಆ ಸಂಜೆ ನಾನು ಒಂದು ಪ್ರಾಥಮಿಕ ಶಾಲೆಯನ್ನು ಮುಚ್ಚುವ ನಿರ್ಣಯದ ಪರವಾಗಿ ಮತ ಹಾಕಿದೆ. ಮಂಡಳಿಗೆ ಮರು ಆಯ್ಕೆ ಬಯಸಿ ಆಗ ನಾನೇ ಕಣದಲ್ಲಿದ್ದೆ. ಚುನಾವಣೆಗೆ ನಾಲ್ಕು ವಾರ ಉಳಿದಿತ್ತು. ಮುಚ್ಚಬೇಕಾಗಿದ್ದ ಶಾಲೆಯಲ್ಲಿ ಓದುತ್ತಿದ್ದವಳು, ನನ್ನ ಮೊದಲ ಚುನಾವಣೆಗಾಗಿ ದುಡಿದ ಶೈಲಾಳ ಮಗಳು. ನನ್ನ ಸ್ಥಾನ ಹೋಯಿತು. ಶೈಲಾಳ ಮನೆಗೆ ಹೋಗಿಬರುವುದೂ ನಿಂತುಹೋಯಿತು. ಮೊದಲನೆಯದು ಈ ಕೆಲಸದಲ್ಲಿ ಇದ್ದದ್ದೇ. ಎರಡನೆಯದರ ಬಗ್ಗೆ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಇದನ್ನು ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮ ಕನ್ನಡ ಸಂಘದ ಕೆಲವು ತರುಣರು, ಇಲ್ಲಿ ಅಮೆರಿಕದಲ್ಲಿಯೇ ಹುಟ್ಟಿ ಬೆಳೆದವರು, ಶಾಲಾ ಮಂಡಳಿಗೆ ನಿಲ್ಲುವ ಯೋಚನೆಯಲ್ಲಿದ್ದಾರೆ. ಆ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಬರೆದುಕೊಡಿ ಎಂದು ಸಂಘದ ಪತ್ರಿಕೆಯವರು ಕೇಳಿದರು. ನಮ್ಮ ಡಿಸ್ಟ್ರಿಕ್ಟಿನ, ಎಂದರೆ ಒಂದೇ ಮಂಡಳಿಯ ಕೆಳಗೆ ಬರುವ ಶಾಲೆಗಳ ವಲಯದ, ಹೆಸರನ್ನು ನಾನು ಬರೆಯುವುದಿಲ್ಲ. ಸ್ಯಾನ್ ಹೊಸೆಯಿಂದ ಲಾಸ್ ಗ್ಯಾಟೋಸ್ ಕಡೆಗೆ ಹೋಗುವಾಗ, ಫ್ರೀವೇಗೂ ಬೆಟ್ಟಕ್ಕೂ ನಡುವೆ ಸಿಗುವ ಒಂದು ಸಣ್ಣ ಡಿಸ್ಟ್ರಿಕ್ಟು ಎಂದರೆ ಸಾಕು. ನಮ್ಮವರಿಗೆ ಅರ್ಥವಾಗುತ್ತದೆ.

ಮಂಡಳಿಗೆ ಬರುವ ಮೊದಲು ನಾನು ಅಂತರ್ಜಲದ ಸಂಶೋಧಕಿ. ಮೈಸೂರಿನಲ್ಲಿ ಓದಿ, ಇಲ್ಲಿಗೆ ಬಂದು, ಉದ್ಯೋಗದ ಬಹುಪಾಲನ್ನು ಬಾವಿಗಳ ನೀರಿನ ಮಟ್ಟ ಅಳೆಯುವುದರಲ್ಲಿ ಕಳೆದೆ. ನಮ್ಮ ತಂಡದಲ್ಲಿ ಒಂದು ನಿಯಮವಿತ್ತು: ಅಳತೆಯ ಪಟ್ಟಿಯನ್ನು ಬಾವಿಗೆ ಇಳಿಸಿದ ಮೇಲೆ ಒಬ್ಬರು ಓದಿದ್ದನ್ನು ಇನ್ನೊಬ್ಬರೂ ಓದಬೇಕು, ಆಮೇಲೆಯೇ ಬರೆಯಬೇಕು. ತೋಟದ ಹಿರಿಯರು ತಮ್ಮ ಬಾವಿಯ ನೀರು ಯಾವ ವರ್ಷ ಎಲ್ಲಿತ್ತೆಂದು ಆಣೆಯಿಟ್ಟು ಹೇಳುತ್ತಿದ್ದರು. ಅಳತೆ ಬೇರೆಯದನ್ನೇ ಹೇಳುತ್ತಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಬಹುಶಃ ಬರಗಾಲದ ವರ್ಷದ ಭಯವು ನೆನಪಿನಲ್ಲಿ ನೀರನ್ನು ಇನ್ನಷ್ಟು ಕೆಳಗೆ ಇಳಿಸಿರುತ್ತಿತ್ತು. ಈ ಪಾಠವನ್ನು ಬಾವಿಗಳ ವಿಷಯದಲ್ಲಿ ಚೆನ್ನಾಗಿ ಕಲಿತಿದ್ದೆ.

ನಿವೃತ್ತಿಯಾದ ಮರುವರ್ಷ, ೨೦೧೮ರಲ್ಲಿ, ಮೊದಲ ಸಲ ಚುನಾವಣೆಗೆ ನಿಂತೆ. ಇಲ್ಲಿ ಮತ ಕೇಳುವುದೆಂದರೆ ಬೀದಿ ಬೀದಿ ನಡೆದು ಬಾಗಿಲು ತಟ್ಟುವುದು. ನನ್ನನ್ನು ಆ ಬೀದಿಗಳಿಗೆ ಕರೆದೊಯ್ದವಳು ಶೈಲಾ. ಧಾರವಾಡದ ಹುಡುಗಿ; ಬೆಂಗಳೂರಿನಲ್ಲಿ ಕೆಲಸ ಮಾಡಿ ಇಲ್ಲಿಗೆ ಬಂದವಳು. ಭಾನುವಾರಗಳಂದು ಮಕ್ಕಳಿಗೆ ಕನ್ನಡ ತರಗತಿ ನಡೆಸುತ್ತಿದ್ದಳು. ಅವಳಿಗೂ ಅವಳ ಗಂಡನಿಗೂ ಇದ್ದದ್ದು ಕೆಲಸದ ವೀಸಾ. ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತು ಎಷ್ಟೋ ವರ್ಷಗಳಾಗಿದ್ದವು.

ಮೊದಲ ದಿನವೇ ಹೇಳಿದಳು: "ನಮಗೆ ಓಟಿಲ್ಲ ಆಂಟಿ. ಕಾರಿದೆ. ಹತ್ತಿ."

ಮತದಾರರ ಪಟ್ಟಿ ಅವಳ ಕೈಯಲ್ಲಿರುತ್ತಿತ್ತು. ಅಮೆರಿಕನ್ನರ ಮನೆಗಳಲ್ಲಿ ಬಹಳ ಸಲ ಬಾಗಿಲಿನ ಕ್ಯಾಮೆರಾ ಮಾತನಾಡುತ್ತಿತ್ತು: "ನಾವು ಮನೆಯಲ್ಲಿಲ್ಲ." ಒಳಗಿನಿಂದ ಬಾಣಲೆಯ ಸದ್ದೂ ಕೇಳುತ್ತಿತ್ತು. ನಮ್ಮವರ ಮನೆಗಳ ಕಷ್ಟ ಬೇರೆ. ಪಟ್ಟಿಯಲ್ಲಿ ಹೆಸರಿಲ್ಲದ ಮನೆಯವರೂ ಕಿಟಕಿಯಿಂದ ನೋಡಿ, ಹೊರಗೆ ಬಂದು ಕರೆಯುತ್ತಿದ್ದರು. ಕರೆದ ಮೇಲೆ ಒಳಗೆ ಹೋಗದೆ ಇರುವುದು ಹೇಗೆ? ಕಾಫಿ, ಚಕ್ಕುಲಿ, ಮಗುವಿನ ಭರತನಾಟ್ಯದ ವೀಡಿಯೊ ಎಲ್ಲ ಮುಗಿದ ಮೇಲೆ ಗೊತ್ತಾಗುತ್ತಿತ್ತು, ಆ ಮನೆಯಲ್ಲಿ ಯಾರಿಗೂ ಮತವಿಲ್ಲ.

"ಆಂಟಿ, ಮೊದಲು ಸಿಟಿಜನ್ನಾ ಅಂತ ಕೇಳಿ. ಆಮೇಲೆ ಕಾಫಿ," ಎಂದು ಶೈಲಾ ಗದರುತ್ತಿದ್ದಳು.

"ಬಾಗಿಲಲ್ಲಿ ನಿಂತು ಹಾಗೆ ಕೇಳೋಕಾಗುತ್ತೇನೇ?"

"ಹಂಗಾದ್ರೆ ಮುಂದಿನ ಎಲೆಕ್ಷನ್ ಬಂದ್ರೂ ಈ ಬೀದಿ ಮುಗಿಯಲ್ಲ ನೋಡ್ರಿ." ಸಿಟ್ಟು ಬಂದಾಗ ಅವಳ ಬೆಂಗಳೂರು ಕರಗಿ ಧಾರವಾಡ ಹೊರಗೆ ಬರುತ್ತಿತ್ತು.

ನನ್ನ ಗಂಡ ರಘು ಇದನ್ನು ನೋಡಿ, "ನೀನು ಓಟು ಕೇಳ್ತಿಲ್ಲ ವಿಮಲಾ, ಮದುವೆಗೆ ಕರೀತಿದ್ದೀಯ. ಅಕ್ಷತೆ ಒಂದು ಕಡಿಮೆ," ಎಂದು ನಕ್ಕಿದ್ದರು. ಆದರೂ ಗೆದ್ದೆ.

ಗೆದ್ದ ಮೇಲೆ ಮೊದಲು ತಿಳಿಯುವುದು, ಒಬ್ಬ ಸದಸ್ಯೆಯಾಗಿ ನಮಗೆ ಯಾವ ಅಧಿಕಾರವೂ ಇಲ್ಲವೆಂಬುದು. ಐವರು ಒಟ್ಟಿಗೆ ವೇದಿಕೆಯ ಮೇಲೆ ಕುಳಿತಾಗ ಮಾತ್ರ ನಾವು ಮಂಡಳಿ. ಕೆಳಗಿಳಿದರೆ, ಒಂದು ಕುರ್ಚಿಯನ್ನು ಈ ಕೋಣೆಯಿಂದ ಆ ಕೋಣೆಗೆ ಹಾಕಿಸುವ ಹಕ್ಕೂ ಇಲ್ಲ. ಇದನ್ನು ನಮ್ಮವರಿಗೆ ತಿಳಿಸಿಹೇಳುವುದು ನನ್ನಿಂದ ಕೊನೆಯವರೆಗೂ ಆಗಲಿಲ್ಲ. ಇಂಡಿಯನ್ ಗ್ರೋಸರಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದ ಒಬ್ಬ ತಾಯಿ ನನ್ನನ್ನು ಹಿಡಿದು ನಿಲ್ಲಿಸಿದರು.

"ಆಂಟಿ, ನೀವು ಬೋರ್ಡಲ್ಲಿದ್ದೀರಂತೆ. ನಮ್ಮ ಮಗಳಿಗೆ ಫೋರ್ತ್ ಗ್ರೇಡಲ್ಲಿ ಆ ಇನ್ನೊಬ್ಬ ಟೀಚರನ್ನ ಕೊಡಿಸಿ."

"ಅದು ಪ್ರಿನ್ಸಿಪಾಲರ ಕೆಲಸಮ್ಮ."

"ಅವರಿಗೆ ನೀವೊಂದು ಮಾತು ಹೇಳಿದ್ರೆ?"

"ಹೇಳಬಾರದು."

"ಹೇಳಬಾರದಾ, ಹೇಳೋಕಾಗಲ್ವಾ?"

"ಎರಡೂ."

ಅವರು ಕೈಯಲ್ಲಿದ್ದ ಬೆಂಡೆಕಾಯಿಯನ್ನು ಚೀಲಕ್ಕೆ ಹಾಕಿ, ನಿಜವಾದ ಕುತೂಹಲದಿಂದಲೇ ಕೇಳಿದರು: "ಮತ್ತೆ ಯಾಕೆ ಆಂಟಿ ಎಲೆಕ್ಷನ್ನಿಗೆ ನಿಂತ್ರಿ?"

ಈ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಸಿದ್ಧವಿಲ್ಲದಿದ್ದರೆ ಅರ್ಜಿ ಹಾಕಬೇಡಿ. ನನ್ನ ಉತ್ತರ ಇದು: ಮಕ್ಕಳ ವಿಷಯದಲ್ಲಿ ದೊಡ್ಡವರು ತೆಗೆದುಕೊಳ್ಳುವ ನಿರ್ಧಾರಗಳು ಎಲ್ಲರೆದುರು ಆಗಲಿ, ಕಾರಣ ಸಹಿತ ಆಗಲಿ ಎಂದು. ಅಂದು ಮಾತ್ರ ಆ ತಾಯಿಯನ್ನು ಬೆಂಡೆಕಾಯಿ ಚೆನ್ನಾಗಿದೆಯೇ ಎಂದು ಕೇಳಿ ಮುಂದೆ ಹೋದೆ.

ನನ್ನ ಮೊದಲ ಪ್ರಮಾದಗಳು ವೃತ್ತಿಯಿಂದ ಬಂದವು. ಹಿಂದಿನ ಸಭೆಯ ನಡಾವಳಿಯನ್ನು ಅಂಗೀಕರಿಸುವುದು ಪ್ರತಿ ಸಭೆಯ ಆರಂಭದಲ್ಲಿ ಕ್ಷಣಮಾತ್ರದ ಕೆಲಸ. ನಾನು ಮಾತ್ರ ಗುರುತು ಹಾಕಿದ ಪ್ರತಿಯೊಂದಿಗೆ ಬರುತ್ತಿದ್ದೆ. ಇಲ್ಲಿ ಮೊದಲು ಮಾತನಾಡಿದವರು ಅವರಲ್ಲ, ಇವರು. ಈ ವಿಷಯ ಬಂದದ್ದು ವಿರಾಮದ ಮೊದಲು, ಆಮೇಲಲ್ಲ. ನಡಾವಳಿ ಬರೆಯುವ ಕಾರ್ಯದರ್ಶಿಯ ಮುಖ ಸಭೆಯಿಂದ ಸಭೆಗೆ ಬಿಗಿಯಾಗುತ್ತಿತ್ತು. ಆಗ ಮಂಡಳಿಯ ಅಧ್ಯಕ್ಷೆ ಕ್ಯಾರಲ್. ಇಡೀ ಜೀವನ ಎರಡನೆಯ ತರಗತಿಗೆ ಕಲಿಸಿ ನಿವೃತ್ತರಾದವರು. ಅವರಿಂದ ಕಲಿತಷ್ಟನ್ನು ನಾನು ಯಾವ ಮೇಲಧಿಕಾರಿಯಿಂದಲೂ ಕಲಿತಿಲ್ಲ. ಒಂದು ಸಭೆಯ ನಂತರ ಅವರು ಪಾರ್ಕಿಂಗ್ ಲಾಟಿನಲ್ಲಿ ನನ್ನನ್ನು ನಿಲ್ಲಿಸಿ, ಎರಡನೆಯ ತರಗತಿಯ ಧ್ವನಿಯಲ್ಲಿಯೇ ಹೇಳಿದರು:

"ವಿಮಲಾ, ನಡಾವಳಿಯಲ್ಲಿರುವುದು ಅಂದು ಆದದ್ದೆಲ್ಲ ಅಲ್ಲ. ಅಂದು ನಾವು ಏನನ್ನು ತೀರ್ಮಾನಿಸಿದೆವೋ ಅದು ಮಾತ್ರ. ಉಳಿದದ್ದು ಕಳೆದುಹೋಗುತ್ತದೆ. ಹೋಗಲಿ ಬಿಡಿ."

ನಾನು ತಿದ್ದುವುದನ್ನು ಕಡಿಮೆ ಮಾಡಿದೆ. ಉಳಿದದ್ದು ಕಳೆದುಹೋಗಲಿ ಎಂಬ ಮಾತಿಗೆ ಮಾತ್ರ ಮನಸ್ಸು ಒಪ್ಪಲಿಲ್ಲ.

ಕಾನೂನಿನ ವಿಷಯ ಬರೆಯಬೇಕು. ಐವರಲ್ಲಿ ಮೂವರು ಸೇರಿದರೆ ಬಹುಮತ. ಆದ್ದರಿಂದ ಮೊದಲೇ ಪ್ರಕಟಿಸಿದ ತೆರೆದ ಸಭೆಯ ಹೊರಗೆ ನಮ್ಮಲ್ಲಿ ಮೂವರು ಕೂಡಿ ಡಿಸ್ಟ್ರಿಕ್ಟಿನ ಯಾವ ವಿಷಯವನ್ನೂ ಚರ್ಚಿಸುವಂತಿಲ್ಲ. ಇದನ್ನು ಚೆನ್ನಾಗಿ ಬಲ್ಲ ನಾನು, ನವರಾತ್ರಿಯ ಗೊಂಬೆ ನೋಡಲು ನಾಲ್ವರು ಸಹೋದ್ಯೋಗಿಗಳನ್ನೂ ಕರೆದೆ. ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಡುವುದು ನಮ್ಮಲ್ಲಿ ಇಲ್ಲ. ಫೋನಿನಲ್ಲಿ ಕರೆಯುವುದು ಕರೆದಂತೆಯೂ ಅಲ್ಲ. ಒಬ್ಬೊಬ್ಬರ ಮನೆಗೂ ಹೋಗಿ ಹಣ್ಣು ಕೊಟ್ಟು ಕರೆದುಬಂದೆ. ಯಾವ ವರ್ಷವೆಂಬುದರಲ್ಲಿ ನನಗೂ ರಘುವಿಗೂ ಒಮ್ಮತವಿರಲಿಲ್ಲ. ಅವರು ೨೦೨೧ ಎನ್ನುತ್ತಾರೆ. ಫೋಟೋ ತೆಗೆದು ನೋಡಿದೆ. ಯಾರೂ ಮಾಸ್ಕ್ ಧರಿಸಿಲ್ಲ. ೨೦೧೯ ಎಂಬ ನನ್ನ ನೆನಪೇ ಸರಿ.

ಮಂಡಳಿಯ ವಕೀಲರನ್ನು ಕೇಳಿದಾಗ, ಹೋಗಬಹುದು, ಆದರೆ ಡಿಸ್ಟ್ರಿಕ್ಟಿನ ಮಾತು ಎತ್ತಬಾರದು ಎಂದರು. ಪರಿಣಾಮವಾಗಿ ಐದು ಜನ ನಮ್ಮ ಸೋಫಾಗಳ ಮೇಲೆ ಕುಳಿತು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವು. ವರ್ಷವಿಡೀ ನಾವು ಆಡಿದ್ದೆಲ್ಲ ಡಿಸ್ಟ್ರಿಕ್ಟಿನ ಮಾತೇ. ಬೇರೆ ಮಾತು ಯಾರಿಗೂ ಹೊಳೆಯಲಿಲ್ಲ. ಗೊಂಬೆಗಳ ಕೆಳಸಾಲಿನಲ್ಲಿ ಶೈಲಾ ಮತ್ತು ಅವಳ ಪುಟ್ಟ ಮಗಳು ಇಂಚರ ಕೂಡಿ ಒಂದು ಆಟಿಕೆಯ ಶಾಲೆ, ಹಳದಿ ಬಸ್ಸು, ಮಕ್ಕಳ ಸಾಲು ಜೋಡಿಸಿಟ್ಟಿದ್ದರು. ಗ್ಲೆನ್ ಎಂಬ ಸದಸ್ಯರು ಬಗ್ಗಿ ನೋಡಿ, "ಈ ಶಾಲೆಗೆ ಆಟದ ಮೈದಾನವೇ ಇಲ್ಲವಲ್ಲ," ಎಂದರು.

ಇನ್ನೊಬ್ಬರು ಬಾಯಿ ತೆರೆಯುವಷ್ಟರಲ್ಲಿ ಕ್ಯಾರಲ್ ಕೈ ಎತ್ತಿದರು. "ಗ್ಲೆನ್, ಅದು ಕಾರ್ಯಸೂಚಿಯಲ್ಲಿಲ್ಲ. ಆ ಕಡಲೆ ತಿನ್ನಿ."

ಉಸಲಿ ಪೂರ್ತಿ ಖಾಲಿಯಾಯಿತು. ನನ್ನ ಮಂಡಳಿಯ ದಿನಗಳಲ್ಲಿ ಐವರಿಗೂ ಒಮ್ಮತವಿದ್ದ ಸಂಜೆ ಅದೊಂದೇ ಇರಬೇಕು.

ಮರುವರ್ಷ ಸಾಂಕ್ರಾಮಿಕ ಬಂದು ಸಭೆಗಳು ಕಂಪ್ಯೂಟರಿನ ಪರದೆಗೆ ಹೋದವು. ಕೆಲಸದ ರೀತಿ ಅಷ್ಟೊಂದು ಬದಲಾದದ್ದನ್ನು ನಾನು ಮತ್ತೆ ಕಂಡಿಲ್ಲ. ಅದುವರೆಗೆ ಸಭೆಗೆ ಬರುತ್ತಿದ್ದವರು ಬಿಡುವಿದ್ದವರು ಮಾತ್ರ. ಪರದೆಯ ಮೇಲೆ ಒಲೆಯ ಮುಂದೆ ನಿಂತವರೂ ಮಾತನಾಡಿದರು. ಮತ್ತೆ ಸಭಾಂಗಣಕ್ಕೆ ಮರಳಿದ ಮೇಲೂ ಪ್ರತಿ ಸಭೆಯನ್ನು ವೀಡಿಯೊದಲ್ಲಿ ದಾಖಲಿಸುವ ಪದ್ಧತಿ ಉಳಿಯಿತು.

ಮರಳಿದಾಗ ಶಾಲೆಗಳು ಬರಿದಾಗುತ್ತಿದ್ದವು. ಇಲ್ಲಿಯ ಮನೆಗಳ ಬೆಲೆ ಎಲ್ಲರಿಗೂ ಗೊತ್ತು. ಸಣ್ಣ ಮಕ್ಕಳಿರುವವರು ಇಲ್ಲಿ ಮನೆ ಕೊಳ್ಳಲಾರರು. ಕೊಂಡವರ ಮಕ್ಕಳು ದೊಡ್ಡವರಾಗಿದ್ದರು. ಬೆಟ್ಟದ ಬುಡದ ಶಾಲೆ ನಮ್ಮಲ್ಲಿ ಎಲ್ಲಕ್ಕಿಂತ ಚಿಕ್ಕದು. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಒಬ್ಬ ಶಿಕ್ಷಕಿ ಕಲಿಸುವ ಸ್ಥಿತಿ ಬಂದಿತ್ತು. ಶೈಲಾ ಭಾನುವಾರದ ಕನ್ನಡ ತರಗತಿ ನಡೆಸುತ್ತಿದ್ದದ್ದು ಆ ಶಾಲೆಯ ದೊಡ್ಡ ಕೋಣೆಯಲ್ಲಿ. ಇಂಚರ ಆಗ ಅಲ್ಲಿಯೇ ಮೂರನೆಯ ತರಗತಿ. ಯಾವ ಶಾಲೆ ಮುಚ್ಚಬೇಕೆಂದು ನೋಡಲು ಮಂಡಳಿ ನೇಮಿಸಿದ್ದ ಸಮಿತಿಯ ವರದಿಯನ್ನು ನಾನು ಬಾವಿಯ ಅಳತೆಯಂತೆ ಎರಡೆರಡು ಸಲ ಓದಿದೆ. ಮುಚ್ಚದೆ ಬೇರೆ ದಾರಿಯಿರಲಿಲ್ಲ ಎಂದು ಆಗ ನಂಬಿದ್ದೆ. ಈಗಲೂ ನಂಬಿದ್ದೇನೆ.

೨೦೨೨ರ ಸೆಪ್ಟೆಂಬರಿನಲ್ಲಿ ಕ್ಯಾರಲ್ ಮತ್ತೆ ಪಾರ್ಕಿಂಗ್ ಲಾಟಿನಲ್ಲಿ ನಿಂತರು. ಇಬ್ಬರು ಮಾತನಾಡಲು ಕಾನೂನಿನ ಅಡ್ಡಿಯಿಲ್ಲ.

"ಈ ಶಾಲೆಯ ವಿಷಯವನ್ನು ಡಿಸೆಂಬರಿಗೆ ಮುಂದೂಡಬಹುದು. ಯಾರೂ ಏನೂ ಅನ್ನುವುದಿಲ್ಲ. ನೀವು ಗೆದ್ದ ಮೇಲೆ ಮತ ಹಾಕಿದರೂ ಶಾಲೆ ಮುಚ್ಚುವುದು ಮುಚ್ಚಿಯೇ ಮುಚ್ಚುತ್ತದೆ."

"ಆಗ ಜನ ನನಗೆ ಮತ ಹಾಕುವಾಗ, ನಾನು ಏನು ಮಾಡಲಿದ್ದೇನೆಂದು ನನಗೊಬ್ಬಳಿಗೇ ಗೊತ್ತಿರುತ್ತದೆ."

"ಹೌದು," ಎಂದರು ಕ್ಯಾರಲ್. "ಬಹಳ ಜನ ಹಾಗೆಯೇ ಗೆಲ್ಲುತ್ತಾರೆ."

ವಿಷಯ ಅಕ್ಟೋಬರಿನ ಕಾರ್ಯಸೂಚಿಗೇ ಬಂತು. ಈ ನಿರ್ಧಾರದ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ನೀವು ಈ ಕೆಲಸಕ್ಕೆ ಹೋದರೆ ಇಂಥದ್ದೊಂದು ಪಾರ್ಕಿಂಗ್ ಲಾಟು ನಿಮಗೂ ಎದುರಾಗುತ್ತದೆ. ಏನು ಹೇಳಬೇಕೆಂದು ಮೊದಲೇ ಯೋಚಿಸಿಟ್ಟುಕೊಳ್ಳಿ.

ನನ್ನ ನಿಜವಾದ ಪ್ರಮಾದ ಬೇರೆಡೆ ನಡೆಯಿತು. ಆ ಸೆಪ್ಟೆಂಬರಿನಲ್ಲಿ ಮತ್ತೆ ಬೀದಿಗಳಲ್ಲಿ ನಡೆಯುತ್ತಿದ್ದೆ. ಈ ಸಲ ರಘುವಿನೊಂದಿಗೆ. ಕ್ಯಾಮೆರಾ ಮಾತನಾಡುವ ಬಾಗಿಲುಗಳನ್ನೂ ಬಿಡಲಿಲ್ಲ. ಆದರೆ ಶೈಲಾಳ ಮನೆಯ ಬೀದಿ ಬಂದಾಗ ಕಾರನ್ನು ಬೇರೆ ಕಡೆ ತಿರುಗಿಸಲು ಹೇಳಿದೆ.

"ಗುರುತಿಲ್ಲದವರ ಮನೆಗೆಲ್ಲ ಹೋಗ್ತೀಯ, ಶೈಲಾ ಮನೆಗೆ ಹೋಗಲ್ವಾ?" ಎಂದರು ರಘು.

"ಹೋಗಿ ಏನು ಹೇಳಲಿ? ಮುಚ್ಚಲ್ಲ ಅಂದ್ರೆ ಸುಳ್ಳಾಗುತ್ತೆ. ಮುಚ್ತೀನಿ ಅಂದ್ರೆ ಸಭೆಗೆ ಮೊದಲೇ ತೀರ್ಪು ಕೊಟ್ಟ ಹಾಗಾಗುತ್ತೆ."

"ಏನೂ ಹೇಳಬೇಡ. ಕಾಫಿ ಕೊಡು ಅನ್ನು."

ನಿಷ್ಪಕ್ಷಪಾತಿಯಾಗಿರಬೇಕೆಂದರೆ ಪರಿಚಯದವರ ಮನೆಯಿಂದ ದೂರವಿರಬೇಕೆಂದು ನಾನು ತಿಳಿದಿದ್ದೆ. ಅಂಥ ಕಾನೂನು ಯಾವುದೂ ಇಲ್ಲವೆಂದು ಕ್ಯಾರಲ್ ಆಮೇಲೆ ಹೇಳಿದರು. ಮೂವರು ಸದಸ್ಯರು ಕೂಡಿ ಚರ್ಚಿಸುವುದು ತಪ್ಪೇ ಹೊರತು, ಒಬ್ಬ ಸದಸ್ಯೆ ತಾಯಿಯೊಬ್ಬಳ ಅಡುಗೆಮನೆಯಲ್ಲಿ ಕುಳಿತು ಅವಳ ಮಾತು ಕೇಳುವುದು ತಪ್ಪಲ್ಲ; ಅದು ಸದಸ್ಯೆಯ ಕೆಲಸವೇ. ಹೀಗೆ, ಗೊಂಬೆ ನೋಡಲು ಮನೆಮನೆಗೆ ಹೋಗಿ ಕರೆದಿದ್ದ ನಾನು, ಶಾಲೆ ಮುಚ್ಚುವ ಸುದ್ದಿಯನ್ನು ಡಿಸ್ಟ್ರಿಕ್ಟಿನ ಇಮೇಲಿನ ಮೂಲಕ ಶೈಲಾಳಿಗೆ ತಲುಪಲು ಬಿಟ್ಟೆ. ಇಮೇಲು ಎಲ್ಲರಿಗೂ ಒಂದೇ ದಿನ ಹೋಗಿತ್ತು. ಅದರಲ್ಲಿ ಪಕ್ಷಪಾತವಿರಲಿಲ್ಲ ಎಂದು ಸಮಾಧಾನ ಪಟ್ಟುಕೊಂಡಿದ್ದೂ ನೆನಪಿದೆ.

ಇನ್ನು ಆ ಮಂಗಳವಾರ. ಸಭಾಂಗಣ ತುಂಬಿತ್ತು. ಮಾತನಾಡಬಯಸುವ ಯಾರಿಗಾದರೂ ಅವಕಾಶ ಕೊಡಬೇಕು; ಅವರಿಗೆ ಮತವಿದೆಯೇ, ಅವರು ಈ ದೇಶದವರೇ ಎಂದು ಕೇಳುವಂತಿಲ್ಲ. ಈ ಕಾನೂನುಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಇದು. ಹಲವರು ಮಾತನಾಡಿದ ಮೇಲೆ, ಇಳಕಲ್ ಸೀರೆಯ ಮೇಲೆ ಸ್ವೆಟರ್ ಹಾಕಿ, ಕಾಲಿಗೆ ಓಟದ ಶೂ ತೊಟ್ಟ ಒಬ್ಬ ವೃದ್ಧೆ ಮೈಕಿನ ಮುಂದೆ ಬಂದು ನಿಂತರು. ಶೈಲಾಳ ತಾಯಿ ಗಂಗವ್ವನವರು. ಮಗಳ ಮನೆಗೆಂದು ಆರು ತಿಂಗಳ ಸಂದರ್ಶಕ ವೀಸಾದ ಮೇಲೆ ಧಾರವಾಡದಿಂದ ಬಂದಿದ್ದರು. ಇಲ್ಲಿಯ ಬೇಸಿಗೆಯಾದ ಜುಲೈ, ಆಗಸ್ಟಿನಲ್ಲಿ ಅವರ ಕೈಯ ರೊಟ್ಟಿಯನ್ನು ನಾನು ಎಷ್ಟೋ ಸಲ ಉಂಡಿದ್ದೆ. ಪಕ್ಕದಲ್ಲಿ ಶೈಲಾ ನಿಂತಿದ್ದಳು, ಅನುವಾದಿಸಲು.

ಅನುವಾದ ಬೇಕಾದವರಿಗೆ ಇಮ್ಮಡಿ ಸಮಯ ಕೊಡಬೇಕು. ಕ್ಯಾರಲ್ ಗಡಿಯಾರವನ್ನು ಹಾಗೆ ಹೊಂದಿಸಿ, ಮಾತನಾಡಿ ಎಂಬಂತೆ ತಲೆಯಾಡಿಸಿದರು. ಗಂಗವ್ವನವರು ಐವರ ಕಡೆ ನೋಡಲಿಲ್ಲ. ನನ್ನೊಬ್ಬಳನ್ನೇ ನೋಡಿ ಶುರುಮಾಡಿದರು.

"ವಿಮಲಕ್ಕಾರ, ನಾ ಈ ಊರಾಕಿ ಅಲ್ಲ. ನನಗ ಇಲ್ಲಿ ಓಟಿಲ್ಲ, ನನ್ನ ಮಗಳಿಗೂ ಇಲ್ಲ. ಸಿಟ್ಟಷ್ಟ ಐತಿ. ಸಾಲಿ ಮುಚ್ಚೂದು ನಿಮ್ಮ ಕೆಲಸ ಇದ್ದೀತು. ಹುಡುಗೂರು ಇಲ್ಲದ ಸಾಲಿ ನಡಸಂತ ನಾನೂ ಹೇಳಂಗಿಲ್ಲ. ನಮ್ಮೂರಾಗೂ ಮುಚ್ಯಾವ. ಆದ್ರ ಮದುವಿ ಇದ್ರ ಮನೀಗೆ ಬಂದು ಕರೀತಾರ. ಸಾವಾದ್ರ ಮನೀಗೆ ಬಂದು ಹೇಳತಾರ. ಇದನ್ನ ನಾವು ಫೋನಿನ್ಯಾಗ ಓದಿ ತಿಳ್ಕೋಬೇಕೇನ್ರಿ? ನೀವು ಒಂದ್ಸಲ ಬಂದು, 'ಗಂಗವ್ವಾ, ಹಿಂಗಾತು, ನನ್ನ ಕೈಯಾಗ ಏನೂ ಇಲ್ಲ' ಅಂದಿದ್ರ, ನಿಮಗ ಚಾ ಮಾಡಿಕೊಟ್ಟು ನಾನ ಸಮಾಧಾನ ಹೇಳತಿದ್ದೆ."

ಶೈಲಾ ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ತಂದಳು. ಆಫೀಸಿನ ಮೀಟಿಂಗಿನಲ್ಲಿ ಮಾತನಾಡುವವಳಂತೆ ನೇರವಾಗಿ ಹೇಳಿದಳು. ಆ ಮಾತುಗಳನ್ನು ಎರಡೆರಡು ಸಲ ಕೇಳಿಸಿಕೊಂಡವಳು ವೇದಿಕೆಯ ಮೇಲೆ ನಾನೊಬ್ಬಳೇ. ಸಮಯ ಮುಗಿದ ಗಂಟೆ ಬಾರಿಸಿತು. ಗಂಗವ್ವನವರು ಸೆರಗು ಸರಿಪಡಿಸಿಕೊಂಡು, ನನ್ನ ಕಡೆ ಮತ್ತೆ ನೋಡದೆ, ಒಂದು ಮಾತೂ ಆಡದೆ ಹೊರಟುಹೋದರು. ಮುಂದಿನವರ ಹೆಸರನ್ನು ಕ್ಯಾರಲ್ ಕರೆದರು.

ನಡಾವಳಿಯಲ್ಲಿ ಇದಕ್ಕೆ ಸಿಕ್ಕಿರುವುದು ಒಂದೇ ಸಾಲು: ಸಾರ್ವಜನಿಕರೊಬ್ಬರು ಅನುವಾದಕರ ಮೂಲಕ ಮಾತನಾಡಿದರು. ಅದರ ಕೆಳಗೆ ಮತಗಳ ವಿವರ. ಇಬ್ಬರು ಪರ, ಇಬ್ಬರು ವಿರೋಧ ಆದ ಮೇಲೆ ನನ್ನ ಹೆಸರು ಬಂತು. ಪರ ಎಂದೆ.

ನವೆಂಬರಿನಲ್ಲಿ ಸೋತೆ. ಫಲಿತಾಂಶ ಖಚಿತವಾದ ದಿನ ಶೈಲಾಳಿಂದ ಮೆಸೇಜು ಬಂತು: "ಸಾರಿ ಆಂಟಿ." ಎರಡೇ ಪದ. ಅದರಲ್ಲಿ ನಾನು ತಣ್ಣನೆಯದೊಂದನ್ನು ಓದಿದೆ. ಯಾರ ಮತಗಳಿಂದ ಸೋತೆನೆಂಬುದಕ್ಕೆ ದಾಖಲೆ ಇಲ್ಲ, ಇರಲೂಬಾರದು, ಮತ ಗುಪ್ತವಾದದ್ದು. ಮತವೇ ಇಲ್ಲದ ಮನೆಯೊಂದರಿಂದ ಸೋತೆನೆಂದು ಭಾವಿಸುವುದಕ್ಕೆ ತರ್ಕವೂ ಇಲ್ಲ. ಆದರೂ ಆ ಮನೆಯ ಬಾಗಿಲು ನನಗೆ ಮುಚ್ಚಿತೆಂದೇ ತಿಳಿದೆ. ಸಭೆಯ ದಿನ ಗಂಗವ್ವನವರು ತಿರುಗಿ ನೋಡದೆ ಹೋದದ್ದು ಅದಕ್ಕೆ ಸಾಕಷ್ಟು ಪುರಾವೆಯಾಗಿ ಕಂಡಿತ್ತು. ಡಿಸೆಂಬರಿನಲ್ಲಿ ಅವರು ಧಾರವಾಡಕ್ಕೆ ಮರಳಿದರೆಂದು ಬೇರೆಯವರಿಂದ ಕೇಳಿದೆ. ಕನ್ನಡ ತರಗತಿ ಊರಿನ ಲೈಬ್ರರಿಯ ಕೋಣೆಗೆ ಹೋಯಿತು. ರಾಜ್ಯೋತ್ಸವದ ದಿನ ಶೈಲಾ ಎದುರಾದರೆ ಇಬ್ಬರೂ ನಗುತ್ತಿದ್ದೆವು. ಮಕ್ಕಳ ಕೋಲಾಟ ಚೆನ್ನಾಗಿತ್ತು ಎನ್ನುತ್ತಿದ್ದೆವು. ಊಟದ ಸಾಲಿನಲ್ಲಿ ಬೇರೆ ಬೇರೆ ಕಡೆ ನಿಲ್ಲುತ್ತಿದ್ದೆವು.

ಈ ಅನುಭವದಿಂದ ನಾನು ಒಂದು ಉಪದೇಶವನ್ನು ಮಾಡಿಟ್ಟುಕೊಂಡಿದ್ದೆ, ಶೈಲಾಳ ಹೆಸರೆತ್ತದೆ ಕೇಳಿದವರಿಗೆಲ್ಲ ಹೇಳುತ್ತಲೂ ಇದ್ದೆ: ಈ ಕೆಲಸಕ್ಕೆ ಹೋಗುವವರು ಒಂದೆರಡು ಸ್ನೇಹಗಳನ್ನು ಕಳೆದುಕೊಳ್ಳಲು ಸಿದ್ಧರಿರಬೇಕು; ಜನ ಕ್ಷಮಿಸುವುದಿಲ್ಲ. ಈ ಬರಹವೂ ಆ ವಾಕ್ಯದೊಂದಿಗೇ ಮುಗಿಯಬೇಕಾಗಿತ್ತು.

ಆದರೆ ಗಂಗವ್ವನವರ ಮಾತನ್ನು ಉದ್ಧರಿಸಿದ್ದೆನಲ್ಲ, ಅದನ್ನು ನೆನಪಿನಿಂದ ಬರೆದಿದ್ದೆ. ಇನ್ನೊಬ್ಬರ ಬಾಯಿಯ ಮಾತನ್ನು ಒಂದೇ ಓದಿನಿಂದ ಅಚ್ಚಿಗೆ ಕೊಡುವುದು ನನ್ನ ಅಭ್ಯಾಸವಲ್ಲ. ಡಿಸ್ಟ್ರಿಕ್ಟಿನ ಕಚೇರಿಗೆ ಬರೆದು ಆ ಸಭೆಯ ವೀಡಿಯೊ ತರಿಸಿಕೊಂಡೆ. ಇದುವರೆಗೆ ಅದನ್ನು ನೋಡಿರಲಿಲ್ಲ. ನೋಡಬೇಕೆಂದು ಅನ್ನಿಸಿಯೂ ಇರಲಿಲ್ಲ.

ಮಾತುಗಳು ಬಹುಮಟ್ಟಿಗೆ ಸರಿಯಾಗಿವೆ. ಒಂದು ತಿದ್ದುಪಡಿ: ಅವರು ಮೊದಲು ಹೇಳುವುದು ಸಾವಿನ ವಿಷಯ, ಮದುವೆಯದು ಆಮೇಲೆ, ಮೇಲೆ ನಾನು ತಿರುವುಮುರುವಾಗಿ ಬರೆದಿದ್ದೇನೆ. ಗಂಟೆ ಬಾರಿಸುವುದು, ಸೆರಗು ಸರಿಪಡಿಸಿಕೊಳ್ಳುವುದು ಎರಡೂ ಇವೆ. ಮುಂದಿನದು ನನ್ನ ನೆನಪಿನಂತಿಲ್ಲ. ಗಂಗವ್ವನವರು ಎರಡು ಹೆಜ್ಜೆ ಹೋಗಿ ನಿಲ್ಲುತ್ತಾರೆ, ತಿರುಗುತ್ತಾರೆ, ಮೈಕಿನ ಹತ್ತಿರ ಮತ್ತೆ ಬಂದು ನನ್ನನ್ನು ನೋಡಿ ಹೇಳುತ್ತಾರೆ: "ಇದೆಲ್ಲಾ ಮುಗದ ಮ್ಯಾಲೆ ಮನೀಗೆ ಬರ್ರಿ ಮತ್ತ. ಗೆದ್ರೂ ಬರ್ರಿ, ಸೋತ್ರೂ ಬರ್ರಿ. ಹೋಳಗಿ ಮಾಡತೀನಿ." ಶೈಲಾ ಇದನ್ನು ಅನುವಾದ ಮಾಡುವುದಿಲ್ಲ. ತಾಯಿಯ ತೋಳು ಹಿಡಿದು, ವೇದಿಕೆಯ ಕಡೆ ನೋಡುತ್ತ ನಿಂತಿದ್ದಾಳೆ, ಉತ್ತರಕ್ಕೆ ಕಾಯುವಂತೆ.

ಕ್ಯಾರಲ್ ಮುಂದಿನ ಹೆಸರು ಕರೆಯುವ ಮೊದಲು, ವೇದಿಕೆಯ ಮೇಲಿನ ಮೈಕೊಂದರಿಂದ ಒಂದು ಧ್ವನಿ ಸ್ಪಷ್ಟವಾಗಿ ಕೇಳುತ್ತದೆ: "ಬರ್ತೀನಿ ಗಂಗವ್ವ. ಖಂಡಿತ ಬರ್ತೀನಿ."

ಒಬ್ಬರು ಓದಿದ್ದನ್ನು ಇನ್ನೊಬ್ಬರೂ ಓದಬೇಕೆಂಬ ನಿಯಮದಂತೆ, ರಘುವನ್ನು ಕರೆದು ಆ ಭಾಗವನ್ನು ಮತ್ತೆ ಹಾಕಿ ಕೇಳಿಸಿದೆ. ನನ್ನದೇ ಧ್ವನಿ ಎಂದು ಅವರೂ ಹೇಳಿದರು.